ಆನೆ ಚೆಂಡು

"ಇವತ್ತು ಯಾವ ಪ್ರಾಣಿನೂ ಬೇಡ," ಎಂದರು ಹಲ್ಲಿನ ಡಾಕ್ಟರಮ್ಮ. "ಇದು ಸೆಲೆಕ್ಷನ್, ಮೃಗಾಲಯ ಅಲ್ಲ. ಬಾಯಿ ಮುಚ್ಕೊಂಡು ಎಸೀಬೇಕು ನೀವು."

"ಹಲ್ಲಿನ ಡಾಕ್ಟರೊಬ್ಬರು ನನಗೆ ಬಾಯಿ ಮುಚ್ಚು ಅಂದಿದ್ದು ಇದೇ ಮೊದಲು," ಎಂದ ಬೀಗದವನು.

ಸಾಲಿನಲ್ಲಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕವು. ಡಾಕ್ಟರಮ್ಮನಿಗೂ ನಗು ಬಂತು, ಆದರೆ ತುಟಿ ಬಿಡಿಸಲಿಲ್ಲ. ಮೈದಾನಕ್ಕಿಳಿದರೆ ಅವರು ಡಾಕ್ಟರಲ್ಲ, ಮೇಲಿನ ಗುಂಪಿನ ಕೋಚ್. ಬೀಗದವನು ಕೆಳಗಿನ ಗುಂಪಿನ ಕೋಚ್. ವಾರವಿಡೀ ಊರವರ ಬೀಗಗಳ ಹೊಟ್ಟೆಗೆ ತಂತಿ ತೂರಿಸಿ ಬದುಕುವ ಅವನು ಶನಿವಾರ ಮಾತ್ರ ತನ್ನ ಅಂಗಡಿಗೇ ಬೀಗ ಜಡಿದು ಇಲ್ಲಿಗೆ ಬರುತ್ತಿದ್ದ.

ಈ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಮಕ್ಕಳಿಗೆ ಮೂರು ಮೆಟ್ಟಿಲು. ತೀರಾ ಚಿಕ್ಕವಕ್ಕೆ ಚೆಂಡನ್ನು ಯಾರೂ ಎಸೆಯುವುದಿಲ್ಲ. ಸೊಂಟದೆತ್ತರದ ರಬ್ಬರ್ ಕಂಬದ ಮೇಲೆ ಇಟ್ಟುಬಿಡುತ್ತಾರೆ. ಆದರೂ ಅರ್ಧಕ್ಕರ್ಧ ಮಕ್ಕಳು ಚೆಂಡನ್ನು ಬಿಟ್ಟು ಕಂಬಕ್ಕೇ ಬಾರಿಸುತ್ತವೆ. ಹತ್ತು ವರ್ಷದೊಳಗಿನ ಗುಂಪಿಗೆ ಅವರದೇ ಕೋಚ್ ಎಸೆಯುತ್ತಾನೆ. ಅವನ ಕೆಲಸ ಔಟ್ ಮಾಡುವುದಲ್ಲ, ಹೊಡೆಸಿಕೊಳ್ಳುವುದು. ಎದುರಾಳಿಯ ಜಾಗದಲ್ಲಿ ನಿಂತು ನೆಂಟನ ಹಾಗೆ ಎಸೆಯುವುದು. ಅದರ ಮೇಲಿನ ಗುಂಪಿನಲ್ಲಿ ಎದುರು ತಂಡದ ಮಗುವೇ ಎಸೆಯುತ್ತದೆ, ಔಟ್ ಮಾಡಲೆಂದೇ ಎಸೆಯುತ್ತದೆ. ಅಲ್ಲಿಗೆ ನೆಂಟಸ್ತಿಕೆ ಮುಗಿಯಿತು.

ಹತ್ತು ತುಂಬಿದ ಮೇಲೆ ಎಲ್ಲರೂ ಮೇಲೆ ಹೋಗಲೇಬೇಕು. ವಯಸ್ಸಿಗಿಂತ ಕೈ ಮುಂದಿದ್ದ ಮಗು ಸೆಲೆಕ್ಷನ್ ಗೆದ್ದು ಒಂದು ವರ್ಷ ಮೊದಲೇ ಹೋಗಬಹುದು. ಐದು ಚೆಂಡು, ಅದರಲ್ಲಿ ಮೂರಕ್ಕೆ ಬ್ಯಾಟು ಸರಿಯಾಗಿ ತಾಗಬೇಕು. ಮಕ್ಕಳು ಹೆದರಬಾರದೆಂದು ಆ ಐದನ್ನೂ ಅವರ ಹಳೆಯ ಕೋಚೇ ಎಸೆಯುವುದು ಈ ಕ್ಲಬ್ಬಿನ ಪದ್ಧತಿ. ಅದರಲ್ಲಿ ಯಾರೂ ತಪ್ಪು ಕಂಡಿರಲಿಲ್ಲ. ಎಸೆಯುವವನಿಗೆ ತನ್ನ ಮಕ್ಕಳು ಮೇಲೆ ಹೋಗಲಿ ಎಂಬುದನ್ನು ಬಿಟ್ಟು ಬೇರೆ ಯಾವ ಆಸೆ ಇದ್ದೀತು?

ಸಾಲಿನ ಕೊನೆಯಲ್ಲಿ ಬೀಗದವನ ಮಗಳಿದ್ದಳು. ಒಂಬತ್ತು ವರ್ಷ, ಹೆಲ್ಮೆಟ್ಟು ಹುಬ್ಬಿನ ಮೇಲಿಳಿದು ಮುಖದಲ್ಲಿ ಮೂಗು ಮತ್ತು ಹಟ ಮಾತ್ರ ಕಾಣುತ್ತಿದ್ದವು. ಅವಳ ಬ್ಯಾಟಿನ ಸದ್ದು ಕೇಳಿ ಮೈದಾನದವರೆಲ್ಲ ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದರು. "ಅಪ್ಪ ಹಾರಿಸೋದು ಚಟಾಕಿ, ಮಗಳು ಹೊಡೆಯೋದು ಪಟಾಕಿ," ಎಂಬುದು ಬೆಂಚಿನ ಮೇಲಿನ ಅಪ್ಪಂದಿರ ಹಳೆಯ ಜೋಕು.

ಅವಳಿಗೆ ಆಟ ಕಲಿಸಿದ್ದು ಪ್ರಾಣಿಗಳು. ಕಂಬದ ಗುಂಪು ಬಿಟ್ಟು ಬಂದ ಹೊಸತರಲ್ಲಿ ಗಾಳಿಯಲ್ಲಿ ಬರುವ ಚೆಂಡು ಕಂಡರೆ ಅವಳು ಕಣ್ಣು ಮುಚ್ಚಿಬಿಡುತ್ತಿದ್ದಳು. ಆಗ ಅವನು ಎಸೆಯುವ ಮುಂಚೆ ಪ್ರಾಣಿಯಾಗತೊಡಗಿದ. ಭುಜ ತೂಗಿ, ತುಟಿಯಲ್ಲಿ ತುತ್ತೂರಿ ಊದಿದರೆ ಆನೆ. ಚೆಂಡು ನಿಧಾನ, ನೇರ, ಹೊಟ್ಟೆಯ ಎತ್ತರಕ್ಕೆ. ಕತ್ತು ಓರೆ ಮಾಡಿ "ಕಾ" ಎಂದರೆ ಕಾಗೆ. ಚೆಂಡು ಮೇಲಿಂದ ಇಳಿದು ಭುಜದ ಹತ್ತಿರ ಬರುತ್ತದೆ. ಮಂಡಿ ಬಗ್ಗಿಸಿ "ಚಿಂವ್" ಎಂದರೆ ಇಲಿ. ಚೆಂಡು ಆಚೆ ಮೂಲೆಯಲ್ಲಿ, ನೆಲಕ್ಕೆ ಮೂಗು ತಾಗಿಸಿಕೊಂಡು ಓಡುತ್ತದೆ. ಯಾವ ಪ್ರಾಣಿ ಎಂದು ತಿಳಿದರೆ ಬ್ಯಾಟು ಎಲ್ಲಿಗೆ ಹೋಗಬೇಕೆಂದು ತಿಳಿದ ಹಾಗೆಯೇ. "ಮನುಷ್ಯರ ಮಾತು ಬಿಡಿ," ಎಂದು ಅವನು ಮಕ್ಕಳಿಗೆ ಹೇಳುತ್ತಿದ್ದ, "ಪ್ರಾಣಿ ಸುಳ್ಳು ಹೇಳಲ್ಲ."

ಈಗೀಗ ಪಟಾಕಿಗೆ ಸದ್ದೂ ಬೇಕಿರಲಿಲ್ಲ. ಅಪ್ಪನ ಭುಜ ಒಂದಿಷ್ಟು ತೂಗಿದರೆ ಸಾಕು, ಅವಳು ಆನೆಗೆ ಸಿದ್ಧ. ಇಲಿ ಒಂದೇ ಕಷ್ಟ. ತೋಳು ಇನ್ನೂ ಗಿಡ್ಡ; ಮೊದಲೇ ಗೊತ್ತಾಗಿ ಒಂದು ಹೆಜ್ಜೆ ಮುಂದಿಟ್ಟರೆ ಮಾತ್ರ ಬ್ಯಾಟು ಆ ಮೂಲೆ ಮುಟ್ಟುತ್ತಿತ್ತು. ಇದು ಗೊತ್ತಿದ್ದವರು ಅವರಿಬ್ಬರೇ.

ತಂತಿ ಬೇಲಿಯಾಚೆ ಅವಳ ಅಮ್ಮ ನಿಂತಿದ್ದಳು, ಪಕ್ಕದಲ್ಲಿ ಅಮ್ಮನ ಅಣ್ಣ. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ಮಗಳು ಅಮ್ಮನ ಮನೆಯಲ್ಲಿ. ಶನಿವಾರ ಮಾತ್ರ ಅಪ್ಪನ ಪಾಲು. ಬೆಳಿಗ್ಗೆ ಆಟ, ಮಧ್ಯಾಹ್ನ ವ್ಯಾನಿನಲ್ಲಿ ಊರೆಲ್ಲ ಸುತ್ತಿ ಕೀಲಿ ಕಳೆದುಕೊಂಡವರ ಬಾಗಿಲು ತೆಗೆಯುವುದು, ಸಂಜೆ ಅಮ್ಮನ ಮನೆಯ ಗೇಟು.

ನೀರು ಕುಡಿಯುವ ನೆಪದಲ್ಲಿ ಅವನು ಬೇಲಿಯ ಹತ್ತಿರ ಹೋದ.

"ಇವತ್ತು ಆಗ್ಬಿಟ್ರೆ ಒಳ್ಳೇದು," ಎಂದಳು ಅವಳು. "ಮೇಲಿನ ಗುಂಪಿನ ಪ್ರಾಕ್ಟೀಸು ನಮ್ಮನೆ ಹಿಂದಿನ ಮೈದಾನದಲ್ಲೇ, ವಾರದ ನಡುವೆ ಸಂಜೆ ಹೊತ್ತು. ಶನಿವಾರ ಪೂರ್ತಿ ಮ್ಯಾಚು, ಬೇರೆ ಬೇರೆ ಊರು. ಅಣ್ಣ ಕರ್ಕೊಂಡು ಹೋಗ್ತಾನೆ."

"ಮತ್ತೆ ನಾನು?"

"ನೋಡೋಣ. ನಡುವೆ ಯಾವಾಗ್ಲಾದ್ರೂ ಬಿಡುವಾದ್ರೆ..."

"ನೋಡೋಣ," ಎಂದ ಅವನು, ಅವಳದೇ ದನಿಯಲ್ಲಿ, ಕೊನೆಯ ಅಕ್ಷರ ಮೂಗಿಗೆ ಏರುವುದನ್ನೂ ಬಿಡದೆ. ಭಾವ ಫಕ್ಕನೆ ನಕ್ಕು ತಂಗಿಯ ಮುಖ ನೋಡಿ ಕೆಮ್ಮಿಕೊಂಡ.

"ಎಲ್ಲದಕ್ಕೂ ಅಣಕಿಸ್ಬೇಡಿ," ಎಂದಳು ಅವಳು. "ವಾರದಿಂದ ಕನ್ನಡಿ ಮುಂದೆ ನಿಂತು ಬ್ಯಾಟು ಬೀಸ್ತಿದಾಳೆ. ಅವಳಿಗೆ ಇದು ಬೇಕು."

ಅಂಗಡಿಯಲ್ಲಿ 'ನೋಡೋಣ' ಅಂದ ಗಿರಾಕಿ ತಿರುಗಿ ಬಂದದ್ದನ್ನು ಅವನು ಈವರೆಗೆ ಕಂಡಿರಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿ ತನ್ನ ಜಾಗಕ್ಕೆ ಬಂದು ನಿಂತ.

"ಎಸೆಯೋರ ಮುಖ ನೋಡ್ಬೇಡಿ, ಮೈ ನೋಡ್ಬೇಡಿ," ಡಾಕ್ಟರಮ್ಮ ಮಕ್ಕಳಿಗೆ ಹೇಳುತ್ತಿದ್ದರು. "ಕೈ ನೋಡಿ. ಕೈ ಬಿಡೋ ಚೆಂಡು ನೋಡಿ. ನಮ್ಮ ಗುಂಪಿನಲ್ಲಿ ಮೊದಲನೇ ಪಾಠನೂ ಇದೇ, ಕೊನೇದೂ ಇದೇ."

ಕನ್ನಡಕದ ಹುಡುಗನೊಬ್ಬ ಗೆದ್ದ. ಇನ್ನೊಬ್ಬ ಸೋತು, ಕಣ್ಣಿಗೆ ಧೂಳು ಬಿತ್ತೆಂದು ಅತ್ತ. ಆಮೇಲೆ ಪಟಾಕಿ ಬಂದು, ಬ್ಯಾಟಿನ ತುದಿಯಿಂದ ನೆಲ ತಟ್ಟಿ, ಹೆಲ್ಮೆಟ್ಟು ಮೇಲೆ ತಳ್ಳಿ, ಅಪ್ಪನನ್ನು ನೋಡಿ ಹುಬ್ಬು ಹಾರಿಸಿದಳು. ಯಾವ ಪ್ರಾಣಿ?

ಅವನು ಭುಜ ತೂಗಿದ. ಆನೆ ಬಂತು. ಪಟ್! ಚೆಂಡು ಅವನ ತಲೆಯ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು. ಎರಡನೆಯದಕ್ಕೆ ಅವನು ಕತ್ತು ಓರೆ ಮಾಡಿದ. ಕಾಗೆಗೂ ಅದೇ ಗತಿ, ಬೇಲಿಗೇ ಬಡಿಯಿತು. "ಹೊಸ ಬ್ಯಾಗು ತಗೋಬೇಕು ಅವಳಿಗೆ," ಎಂದು ಭಾವ ತಂಗಿಗೆ ಹೇಳಿದ್ದು ಇಲ್ಲಿಯವರೆಗೂ ಕೇಳಿಸಿತು.

"ಇನ್ನೊಂದು ತಾಗಿದ್ರೆ ಆಯ್ತು, ಪಟಾಕಿ," ಎಂದರು ಡಾಕ್ಟರಮ್ಮ.

ಇನ್ನೊಂದು. ಬೀಗದವನು ಚೆಂಡಿನ ಹೊಲಿಗೆಯ ಮೇಲೆ ಬೆರಳಾಡಿಸಿದ. ಕತ್ತಲಲ್ಲಿ ಕೀಲಿಯ ಹಲ್ಲು ಎಣಿಸುವ ಬೆರಳುಗಳು ಅವು, ಎಲ್ಲಿ ಒತ್ತಿದರೆ ಏನಾಗುತ್ತದೆಂದು ಅವಕ್ಕೆ ತಿಳಿಯುತ್ತದೆ. ಮುಂದಿನ ಶನಿವಾರ ಬೆಳಿಗ್ಗೆ ಮಗಳಿಲ್ಲದೆ ತಾನು ಅಂಗಡಿಯ ಬಾಗಿಲು ತೆರೆದು ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಭುಜ ತೂಗಿದ, ಆನೆಯ ಹಾಗೆ. ಕೈ ಇಲಿಯನ್ನು ಬಿಟ್ಟಿತು.

ಬ್ಯಾಟು ಹೊಟ್ಟೆಯ ಎತ್ತರದಲ್ಲಿ ಗಾಳಿ ಸೀಳಿತು. ಚೆಂಡು ಆಚೆ ಮೂಲೆಯಲ್ಲಿ ಓಡಿಹೋಗಿ ಅವಳ ಹಿಂದಿನ ಬಲೆಗೆ ಬಿತ್ತು. ಪಟಾಕಿ ತಿರುಗಿ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ನಕ್ಕಳು. ಪಾಪ, ಅಪ್ಪನ ಕೈ ಜಾರಿತು ಎಂಬ ನಗು. ಪರವಾಗಿಲ್ಲ ಎಂದು ತಲೆಯಾಡಿಸಿ ಮತ್ತೆ ನೆಲ ತಟ್ಟಿದಳು.

ಅವನು ಮತ್ತೆ ಭುಜ ತೂಗಿದ. ಮತ್ತೆ ಇಲಿಯನ್ನೇ ಬಿಟ್ಟ.

ಈ ಸಲ ಅವಳು ಬಲೆಯ ಕಡೆ ತಿರುಗಲಿಲ್ಲ. ಅಪ್ಪನನ್ನೇ ನೋಡುತ್ತ ನಿಂತಳು. ಹೆಲ್ಮೆಟ್ಟಿನ ಕೆಳಗೆ ನಗು ಇರಲಿಲ್ಲ, ಅಳುವೂ ಇರಲಿಲ್ಲ. ಗೊತ್ತಿರುವ ಮನೆಯ ಬಾಗಿಲು ತಟ್ಟಿದಾಗ ಗೊತ್ತಿಲ್ಲದವರು ಯಾರೋ ತೆರೆದರೆ ನೋಡುವ ಹಾಗೆ ನೋಡಿದಳು.

ಬೇಡ, ಅವಳು ಹೋಗಲಿ. ಯಾವ ಊರಿಗಾದರೂ, ಯಾರ ಕಾರಿನಲ್ಲಾದರೂ ಹೋಗಲಿ. ಐದನೆಯದಕ್ಕೆ ಅವನು ಹಿಂದೆಂದೂ ತೂಗದಷ್ಟು ತೂಗಿದ. ತೋಳು ಸೊಂಡಿಲಾಯಿತು, ತುಟಿಯಿಂದ ತುತ್ತೂರಿಯೂ ಹೊರಟಿತು. "ರೀ, ಶ್!" ಎಂದರು ಡಾಕ್ಟರಮ್ಮ. ಚೆಂಡು ತೇಲಿಕೊಂಡು ಬಂತು, ದುಂಡಗೆ, ನಿಧಾನವಾಗಿ, ರಬ್ಬರ್ ಕಂಬದ ಮೇಲೆ ಇಟ್ಟ ಹಾಗೆ.

ಪಟಾಕಿ ಒಂದು ಹೆಜ್ಜೆ ಮುಂದಿಟ್ಟು, ಮಂಡಿ ಬಗ್ಗಿಸಿ, ಬ್ಯಾಟನ್ನು ಆಚೆ ಮೂಲೆಯ ನೆಲಕ್ಕೆ ಬೀಸಿದಳು. ಆನೆ ಅವಳ ಬ್ಯಾಟಿನ ಮೇಲಿಂದ ದಾಟಿ ಹೋಯಿತು.

"ಡಾಕ್ಟ್ರೇ, ಇನ್ನೊಂದು ಎಸೀತೀನಿ," ಅವನು ಓಡಿಬಂದ. "ನನ್ನ ಕೈ ಸರಿ ಇರ್ಲಿಲ್ಲ."

"ಕೊನೇದಕ್ಕಿಂತ ಸುಲಭದ್ದು ಎಲ್ಲಿಂದ ತರ್ತೀರಿ?" ಡಾಕ್ಟರಮ್ಮನ ದನಿ ಮೆತ್ತಗಾಗಿತ್ತು. "ಅಪ್ಪನ ಕರುಳು, ಅರ್ಥ ಆಗುತ್ತೆ. ಆದ್ರೆ ಉಳಿದ ಮಕ್ಕಳಿಗೆ ಅನ್ಯಾಯ ಆಗುತ್ತಲ್ವಾ? ವಯಸ್ಸಿದೆ ಅವಳಿಗೆ. ಇನ್ನೊಂದು ವರ್ಷ ನಿಮ್ಮ ಜೊತೇಲೇ ಇರ್ಲಿ ಬಿಡಿ."

ಅವನು ಬಾಯಿ ತೆರೆದ. ಎದುರಿಗಿದ್ದವರು ಹಲ್ಲಿನ ಡಾಕ್ಟರೇ. ಆದರೂ ಆ ತೆರೆದ ಬಾಯಲ್ಲಿ ಅವರಿಗೆ ಏನೂ ಕಾಣಿಸಲಿಲ್ಲ. ಅವನು ಮುಚ್ಚಿದ.

ಅಮ್ಮ ಬಂದು ಮಗಳ ಹೆಲ್ಮೆಟ್ಟು ತೆಗೆದು, ಬೆವರಿಗೆ ಅಂಟಿದ ಕೂದಲನ್ನು ಹಿಂದಕ್ಕೆ ಒತ್ತಿದಳು. ಮಗಳು ಒತ್ತಿಸಿಕೊಂಡಳು. ಅಮ್ಮ ಅವನತ್ತ ತಿರುಗಿ ಮೆಲ್ಲಗೆ ಹೇಳಿದಳು: "ಇವತ್ತು ಸಂಜೆ ಸ್ವಲ್ಪ ತಡವಾಗಿ ಬಿಟ್ರೂ ಪರವಾಗಿಲ್ಲ. ನಿಮ್ಮ ಹತ್ರ ಇದ್ರೆ ನಗ್ತಾಳೆ."

ವ್ಯಾನಿನೊಳಗೆ, ಗೋಡೆಯುದ್ದಕ್ಕೂ ಕೊಕ್ಕೆಗಳಲ್ಲಿ ತೂಗಿದ್ದ ಹಲ್ಲು ಕೊರೆಯದ ಕೀಲಿಗಳು ರಸ್ತೆಯ ಪ್ರತಿ ಗುಂಡಿಗೂ ಗಲಗಲ ಎನ್ನುತ್ತಿದ್ದವು. ಬೇರೆ ಶನಿವಾರವಾಗಿದ್ದರೆ ಅವಳು ಆ ತಾಳಕ್ಕೆ ಏನಾದರೂ ಹಾಡು ಕಟ್ಟುತ್ತಿದ್ದಳು. ಅವನು ಭಾವನ ಹಾಗೆ ಕೆಮ್ಮಿ ತೋರಿಸಿದ. ಡಾಕ್ಟರಮ್ಮನ ಹಾಗೆ "ರೀ, ಶ್!" ಎಂದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಕೀಲಿಗಳೂ ಸುಮ್ಮನಾದವು.

"ಅಪ್ಪಾ, ಮೂರನೇದು ಯಾವ ಪ್ರಾಣಿ?"

"ಕೈ ಜಾರ್ತು ಮರಿ."

"ನಾಲ್ಕನೇದು?"

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಒತ್ತಿದ, ಮತ್ತೆ ಒತ್ತಿದ. ಅವನಿಗೆ ಗೇರು ಸಿಕ್ಕಲಿಲ್ಲ.

"ಇರ್ಲಿ ಬಿಡು," ಎಂದಳು ಅವಳು. ದನಿ ಥೇಟು ಅವಳ ಅಮ್ಮನದೇ. ಆದರೆ ಅವಳು ಅಣಕಿಸುತ್ತಿರಲಿಲ್ಲ.

ಮುಂದಿನ ಶನಿವಾರ ಕಂಬದ ಗುಂಪಿನಿಂದ ಹೊಸ ಮಕ್ಕಳು ಬಂದಿದ್ದವು. ಅವನು ಭುಜ ತೂಗಿದಾಗೆಲ್ಲ "ಆನೆ! ಆನೆ!" ಎಂದು ಕಿರುಚಿ ಹುಲ್ಲಿನ ಮೇಲೆ ಬಿದ್ದು ಉರುಳಾಡಿದವು. ಪಟಾಕಿ ತನ್ನ ಸರದಿಗೆ ಬಂದು ನಿಂತಳು. ಹುಬ್ಬು ಹಾರಿಸಲಿಲ್ಲ. ಅವನು ಕಾಗೆಯಾದ, ಹೊಡೆದಳು. ಇಲಿಯಾದ, ಅದನ್ನೂ ಹೊಡೆದಳು, ಚೆಂಡು ಅವನ ಕೈ ಬಿಟ್ಟ ಮೇಲೆ ಹೆಜ್ಜೆ ಮುಂದಿಟ್ಟು.

ಹೆಲ್ಮೆಟ್ಟುಗಳ ಚೀಲ ಒಯ್ಯಲು ಬಂದಿದ್ದ ಡಾಕ್ಟರಮ್ಮ ಬೇಲಿಯ ಬಳಿ ನಿಂತುಬಿಟ್ಟರು. "ಅಯ್ಯೋ, ಕೈ ನೋಡಿ ಅಂತ ನಾನು ಹೇಳಿದ್ದು ಇದನ್ನೇ! ಒಂದೇ ವಾರದಲ್ಲಿ ಹೇಗೆ ಕಲಿಸಿದ್ರಿ?"

ಬೀಗದವನು ತೋಳನ್ನು ಸೊಂಡಿಲು ಮಾಡಿ, ಇನ್ನೊಂದು ಕೈಯನ್ನು ಕಿವಿಯ ಹಾಗೆ ಬೀಸಿ, ಕೆನ್ನೆ ಉಬ್ಬಿಸಿ ಮೈದಾನದ ಆ ತುದಿಗೂ ಕೇಳುವಂತೆ ಘೀಳಿಟ್ಟ. ಚಿಕ್ಕವು ಹೊಟ್ಟೆ ಹಿಡಿದುಕೊಂಡು ನಕ್ಕವು. ಹೆಲ್ಮೆಟ್ಟಿನ ಕೆಳಗಿನ ಎರಡು ಕಣ್ಣುಗಳು ಮಾತ್ರ ಅವನ ಮುಷ್ಟಿಯನ್ನು ಬಿಟ್ಟು ಮೇಲೇಳಲಿಲ್ಲ.