ವಾಲ್‌ಟ್ಯೂಬಿನ ಕೊಳವೆಗಳು

ಸುಟ್ಟುಹೋದ ಪಂಪಿನ ಮೋಟರನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಬರಿಸುವವನಾದ್ದರಿಂದ ಅವನಿಗೆ ಊರಿನಲ್ಲಿ ವೈಂಡಿಂಗಣ್ಣ ಅಂತಲೇ ಹೆಸರು. ಸುತ್ತಲಿನ ಹೊಲಗಳಲ್ಲಿ ನೀರೆತ್ತುವ ಮೋಟರುಗಳಲ್ಲಿ ಅವನ ಕೈ ಹತ್ತದಿದ್ದದ್ದು ಬಹುಶಃ ಒಂದೂ ಇರಲಿಲ್ಲ. ಆದರೆ ಅವನ ಜೀವ ಇದ್ದದ್ದು ಮೇಜಿನ ಇನ್ನೊಂದು ತುದಿಯಲ್ಲಿ. ಅಲ್ಲಿ ಅವನು ಬಾಹ್ಯಾಕಾಶ ನೌಕೆ ಕಟ್ಟುತ್ತಿದ್ದ.

ಅಂಗಡಿಯಲ್ಲಿ ಡಬ್ಬಿ ಸಮೇತ ಸಿಗುತ್ತದಲ್ಲ, ಅಂಟಿಸಿದರೆ ಮುಗಿಯಿತು ಅನ್ನುವಂಥದ್ದು, ಅದಲ್ಲ. ಒಂದೊಂದು ಭಾಗವನ್ನೂ ತಾನೇ ಕೊರೆದು, ಉಜ್ಜಿ, ಕೂರಿಸಬೇಕು. ನೌಕೆಯ ಒಡಲು ಪೈಪಿನ ತುಂಡು. ದನದ ಡಾಕ್ಟರು ಎಸೆದ ಸಿರಿಂಜುಗಳು ಎಂಜಿನ್ನು. ಗುಳಿಗೆ ಹಾಳೆಯ ಗುಬುಟುಗಳು ಕಿಟಕಿ. ಬಾಚಣಿಗೆಯ ಹಲ್ಲು ಶಾಖ ಹೊರಹಾಕುವ ರೆಕ್ಕೆ. ಹೆಂಡತಿ ಹೊರಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ವಾರಕ್ಕೊಮ್ಮೆಯಾದರೂ ಅಲ್ಲಿಂದ ಕೂಗು ಬರುತ್ತಿತ್ತು.

"ರೀ, ನನ್ನ ಪ್ರೆಸ್ ಬಟನ್ ಡಬ್ಬಿ ಎಲ್ಲಿ? ಆಕಾಶಕ್ಕೆ ಹೋಯ್ತಾ?"

"ನಾಲ್ಕೇ ತಗೊಂಡಿದ್ದು ಕಣೇ. ಬಾಗಿಲಿಗೆ ಬೇಕಿತ್ತು."

"ನಮ್ಮ ಹಿತ್ತಲ ಬಾಗಿಲಿಗೆ ಚಿಲಕ ಇಲ್ಲ. ಅಲ್ಲಿ ನಾಲ್ಕು ಬಾಗಿಲು!"

ಅವನು ನಕ್ಕು ಸುಮ್ಮನಾಗುತ್ತಿದ್ದ. ಪಂಪಿನವನ ಬುದ್ಧಿ ಅವನದು. ಈ ಎಂಜಿನ್ನು ನಡುಗಿದರೆ ಯಾವ ಬೋಲ್ಟು ಮೊದಲು ಸಡಿಲಾಗುತ್ತದೆ, ಅದನ್ನು ಬಿಗಿ ಮಾಡಲು ಬಂದವನು ಎಲ್ಲಿ ಕಾಲಿಡಬೇಕು, ಕೈ ಎಲ್ಲಿ ತೂರಬೇಕು ಅಂತ ಯೋಚಿಸಿಯೇ ಒಂದು ಹಿಡಿಕೆ ಅಂಟಿಸುತ್ತಿದ್ದ. ಅಕ್ಕಿಕಾಳಿನಷ್ಟು ಹಿಡಿಕೆ. ಕೊಳವೆಗಳಿಗೆ ಮಾತ್ರ ಯಾವಾಗಲೂ ವೈಂಡಿಂಗ್ ತಂತಿಯೇ. ಬಗ್ಗಿಸಿದ ಹಾಗೆ ಬಗ್ಗುತ್ತದೆ, ಬಗ್ಗಿದ ಮೇಲೆ ಅಲ್ಲೇ ನಿಲ್ಲುತ್ತದೆ. "ಅಣ್ಣ ತಂತಿ ಬಿಟ್ಟು ಬೇರೆ ಮುಟ್ಟಲ್ಲ, ಹಟಮಾರಿ" ಅಂತ ತಮ್ಮ ಆಡಿಕೊಳ್ಳುತ್ತಿದ್ದ.

ಈ ತಮ್ಮನದು ಪೇಟೆಯಲ್ಲಿ ಅಂಗಡಿ. ಪಂದ್ಯ ಗೆದ್ದವರಿಗೆ ಕೊಡುವ ಕಪ್ಪು, ಶೀಲ್ಡುಗಳನ್ನು ಅಚ್ಚು ಹೊಯ್ದು ಮಾಡುತ್ತಿದ್ದ. ಒಂದು ಮಾದರಿಯ ಸುತ್ತ ಸಿಲಿಕಾನ್ ಸುರಿದರೆ ಅದು ಗಟ್ಟಿಯಾಗಿ ಅಚ್ಚಾಗುತ್ತದೆ, ಅದರೊಳಗೆ ಎಷ್ಟು ಬೇಕಾದರೂ ನಕಲು ತೆಗೆಯಬಹುದು. ಊರವರ ಗೆಲುವನ್ನೆಲ್ಲ ಅಚ್ಚು ಹಾಕಿ ಮಾರುವವನಿಗೆ ತನ್ನದೂ ಒಂದು ಗೆಲುವು ಬೇಕು ಅನ್ನಿಸಿರಬೇಕು. ಮೂರು ವರ್ಷದ ಹಿಂದೆ ಅಣ್ಣನ ಮೊದಲ ನೌಕೆಯನ್ನು "ಗಿರಾಕಿಗಳಿಗೆ ತೋರಿಸಿ ತರ್ತೀನಿ" ಅಂತ ಒಯ್ದ. ತಿಂಗಳಾದ ಮೇಲೆ ಚಪ್ಪಲಿ ಡಬ್ಬಿಯಲ್ಲಿ ಚೂರು ತಂದುಕೊಟ್ಟ. "ಬಸ್ಸಲ್ಲಿ ಬಿದ್ದೋಯ್ತು ಅಣ್ಣಾ." ಅಣ್ಣ ಚೂರುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಬಿದ್ದು ಒಡೆದದ್ದಕ್ಕೂ ಅಚ್ಚಿನಿಂದ ಕಿತ್ತು ಮುರಿದದ್ದಕ್ಕೂ ವ್ಯತ್ಯಾಸ ತಿಳಿಯದವನಲ್ಲ ಅವನು. ಆದರೂ ಬಾಯಿ ಬಿಡಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು, ಯಾರ ಹತ್ತಿರ ಹೇಳುವುದು?

ಮುಂದಿನ ವಾರ ಮೋಟರು ತಂದ ರೈತನೊಬ್ಬ ಅದನ್ನು ಸುತ್ತಿದ್ದ ಹಳೇ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿದ. ಅದರಲ್ಲಿ ತಮ್ಮನ ಫೋಟೊ ಇತ್ತು. ಪಕ್ಕದಲ್ಲಿ ನೌಕೆ, ಅಚ್ಚಿನಿಂದ ಎದ್ದ ನಕಲು. ಪೇಟೆಯ ಮಾದರಿ ಪ್ರದರ್ಶನದಲ್ಲಿ ಮೊದಲ ಸ್ಥಾನ. ಕೆಳಗೆ ಅವನ ಮಾತು: "ಎಲ್ಲ ನನ್ನದೇ ಕಲ್ಪನೆ. ಅಣ್ಣ ಮರಳುಕಾಗದ ಹಿಡಿದು ಉಜ್ಜಿಕೊಡ್ತಾ ಇದ್ದ, ಪಾಪ."

ಆ 'ಪಾಪ' ಅನ್ನುವ ಮಾತು ವೈಂಡಿಂಗಣ್ಣನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಹೆಂಡತಿ ಎರಡು ದಿನ ಮೈದುನನಿಗೆ ವಾಚಾಮಗೋಚರ ಬೈದಳು. ಇವನು ಬೈಯಲಿಲ್ಲ. ಇನ್ನೊಂದು ನೌಕೆ ಕಟ್ಟತೊಡಗಿದ.

ಇದು ಬೀಜ ಹೊರುವ ನೌಕೆ. ನೂರಾರು ವರ್ಷದ ದಾರಿಯಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಬಿತ್ತನೆಯ ಕಾಳು ಒಯ್ಯುವಂಥದ್ದು. ಒಡಲಿನೊಳಗೆ, ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗದಲ್ಲೂ ಅವನು ಕಣಜಗಳನ್ನು ಸಾಲಾಗಿ ಕೂರಿಸಿದ. ಎರಡು ವರ್ಷದ ಮೇಲೆ ಹತ್ತು ತಿಂಗಳು ಹಿಡಿಯಿತು. ಎಂಜಿನ್ನಿನ ಮೇಲಿನ ಕೊಳವೆಗಳಷ್ಟೇ ಉಳಿದಿದ್ದವು. ಆಗ ಒಂದು ಮಧ್ಯಾಹ್ನ ತಮ್ಮ ಬಂದ.

"ಅತ್ತಿಗೆ, ಚೆನ್ನಾಗಿದ್ದೀರಾ?" ಅನ್ನುತ್ತ ಸೀದಾ ಮೇಜಿನ ಹತ್ತಿರ ಹೋದ.

"ಇದ್ದೀವಪ್ಪ, ನಿಮ್ಮ ಕಣ್ಣು ಬೀಳೋ ತನಕ" ಅಂದಳು ಅವಳು, ಯಂತ್ರದ ತುಳಿತ ನಿಲ್ಲಿಸದೆ.

ತಮ್ಮ ಬಗ್ಗಿ ನೋಡಿದ. ಒಂದೊಂದು ಹಿಡಿಕೆಯ ಮೇಲೂ ಕಣ್ಣಾಡಿಸಿದ. ಆಮೇಲೆ, "ಅಣ್ಣಾ, ಇದು ಮುಗಿದ ಮೇಲೆ ಒಂದು ನಾಲ್ಕು ದಿನ ಕೊಡು. ಒಳ್ಳೇ ಫೋಟೊ ತೆಗೆಸ್ತೀನಿ. ಇಲ್ಲಿ ಧೂಳಲ್ಲಿ ಯಾರಿಗೆ ಕಾಣುತ್ತೆ?" ಅಂದ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ವೈಂಡಿಂಗಣ್ಣ ನೋಡುತ್ತಲೇ ಇದ್ದ. ಒಲ್ಲೆ ಅಂದರೆ ಮುಗಿದುಹೋಗುತ್ತಿತ್ತು. ಆದರೆ ಮೂರು ವರ್ಷದ ಮುಳ್ಳು ಒಮ್ಮೆ ಅಲುಗಿತು. "ಕೊಳವೆ ಕೂರಿಸಬೇಕು. ಮುಂದಿನ ತಿಂಗಳು ಬಾ" ಅಂದ.

ತಮ್ಮ ಹೋದ ಮೇಲೆ ಅವನು ತಂತಿಯ ಉರುಳೆಯನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟ. ಹಿಂದೊಮ್ಮೆ ತಮ್ಮನೇ ಹಲುಬಿದ್ದು ನೆನಪಾಯಿತು. ಮಾದರಿಯಲ್ಲೆಲ್ಲೋ ಒಂದು ರಬ್ಬರ್ ತುಂಡು ಉಳಿದು, ಸುರಿದ ಸಿಲಿಕಾನೆಲ್ಲ ಗಟ್ಟಿಯಾಗದೆ ಹಾಳಾಗಿತ್ತಂತೆ. "ರಬ್ಬರಿನಲ್ಲಿ ಗಂಧಕ ಇರುತ್ತಲ್ಲ ಅಣ್ಣಾ, ಅದು ತಾಗಿದರೆ ಸಿಲಿಕಾನ್ ಜನ್ಮದಲ್ಲಿ ಹೆಪ್ಪುಗಟ್ಟಲ್ಲ." ಒಳ್ಳೆಯ ಪಾಠ. ಕಲಿಸಿದ ಗುರುವಿಗೇ ಒಪ್ಪಿಸಬಹುದಾದ ಪಾಠ.

ಸೈಕಲ್ ಅಂಗಡಿಯಿಂದ ವಾಲ್‌ಟ್ಯೂಬು ತಂದ. ಚಕ್ರದ ಗಾಳಿ ತಡೆಯಲು ಹಾಕುವ, ಹುಲ್ಲುಕಡ್ಡಿ ಗಾತ್ರದ ರಬ್ಬರ್ ನಳಿಗೆ. ಒಂದು ಚಿಕ್ಕ ಡಬ್ಬಿ ಸಿಲಿಕಾನನ್ನೂ ತರಿಸಿದ. ತಮ್ಮ ಬಳಸುತ್ತಿದ್ದ ಮಾರ್ಕಿನದೇ. ಎರಡು ಲೋಟದಲ್ಲಿ ಸುರಿದು, ಒಂದರಲ್ಲಿ ತಂತಿಯ ಚೂರು, ಇನ್ನೊಂದರಲ್ಲಿ ನೀರುಬಣ್ಣ ಬಳಿದ ವಾಲ್‌ಟ್ಯೂಬಿನ ಚೂರು ಮುಳುಗಿಸಿಟ್ಟ. ಮರುದಿನ ತಂತಿಯ ಲೋಟ ಗಟ್ಟಿಯಾಗಿತ್ತು. ಇನ್ನೊಂದಕ್ಕೆ ಹೆಂಡತಿ ಬೆರಳದ್ದಿ ನೋಡಿದಳು.

"ಥೂ, ನೆಗಡಿ ಬಂದ ಮೂಗಿನ ಹಾಗಿದೆ. ಏನ್ರಿ ಇದು?"

"ತಮ್ಮನಿಗೆ ಮಾಡ್ತಾ ಇರೋ ಸತ್ಕಾರ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳ ಮುಖ ಗಂಭೀರವಾಯಿತು. "ನಿಮ್ಮ ನೌಕೇನೂ ಹಾಳಾಗುತ್ತಲ್ಲ? ಆ ಅಂಟು ಸಂದಿಗೊಂದಿಗೆಲ್ಲ ಇಳಿದರೆ ತೆಗೆಯೋಕಾಗುತ್ತಾ?"

"ಆಗಲ್ಲ."

"ಹಾಗಿದ್ದರೆ ಬೇರೆ ಏನಾದರೂ ಕಳಪೆ ಮಾಲು ಮಾಡಿ ಕೊಡಿ."

"ಕಳಪೆ ಮಾಲಿಗೆ ಅವನು ಕೈ ಹಾಕಲ್ಲ ಕಣೇ. ಅಷ್ಟು ಕಣ್ಣು ಅವನಿಗೂ ಇದೆ."

ಮೂರು ವಾರ ಅವನು ಆ ಕೊಳವೆಗಳನ್ನು ಕೂರಿಸಿದ. ರಬ್ಬರು ತಂತಿಯ ಹಾಗೆ ಮಾತು ಕೇಳುವುದಿಲ್ಲ. ಬಗ್ಗಿಸಿದರೆ ನೆಟ್ಟಗಾಗುತ್ತದೆ, ಅಂಟಿಸಿದರೆ ಜಾರುತ್ತದೆ. ಒಂದೊಂದನ್ನೂ ಗುಂಡುಸೂಜಿ ಚುಚ್ಚಿ ಹಿಡಿದು, ತುದಿಗೆ ರೀಫಿಲ್ಲಿನ ಬಳೆ ತೊಡಿಸಿ, ಮೇಲೆ ತೆಳುವಾಗಿ ಬೂದಿ ನೀರುಬಣ್ಣ ಕೊಟ್ಟ. ನಲವತ್ತೊಂದು ಕೊಳವೆ. ಮುಗಿದ ದಿನ ದೂರ ನಿಂತು ನೋಡಿದ. ಅವನ ಕೈಯಿಂದ ಅಷ್ಟು ಚೆಂದದ್ದು ಹಿಂದೆ ಬಂದಿರಲಿಲ್ಲ. ಕೊಡುವುದು ಬೇಡ ಅಂತ ಒಂದು ಮನಸ್ಸು ಅಂದಿತು. ಅಷ್ಟರಲ್ಲಿ ಆ 'ಪಾಪ' ನೆನಪಾಯಿತು.

ತಮ್ಮ ಬಂದ, ಹತ್ತಿ ಹಾಸಿದ ಪೆಟ್ಟಿಗೆ ತಂದಿದ್ದ. ಕೊಳವೆಗಳನ್ನು ನೋಡಿ, "ತಂತಿ ಅಂದರೆ ನಿನ್ನದೇ ಅಣ್ಣಾ" ಅಂದ.

"ಫೋಟೊ ತಾನೇ?" ಅಂದ ವೈಂಡಿಂಗಣ್ಣ.

"ಮತ್ತೇನು? ನಿನ್ನಾಣೆ."

ಅಣ್ಣನ ಮೇಲೆ ಆಣೆ ಹಾಕಿದವನು ಅಣ್ಣನ ಕಣ್ಣು ಮಾತ್ರ ನೋಡಲಿಲ್ಲ.

ನಾಲ್ಕು ದಿನ ಕಳೆಯಿತು, ಎಂಟು ಕಳೆಯಿತು. ವೈಂಡಿಂಗಣ್ಣ ಸುತ್ತಿದ ಮೋಟರೊಂದು ತಪ್ಪು ಸುತ್ತಾಗಿ ತಿರುಗಲಿಲ್ಲ. ಬಿಚ್ಚಿ ಮತ್ತೆ ಸುತ್ತಿದ. ಹತ್ತನೆಯ ದಿನ ಫೋನ್ ಬಂತು. ತಮ್ಮನ ದನಿ ಒಣಗಿತ್ತು.

"ಅಣ್ಣಾ, ಫೋಟೊದವನು ಕೈಕೊಟ್ಟ. ಪ್ರದರ್ಶನ ಮುಗಿದ ಮೇಲೆ ತಂದುಕೊಡ್ತೀನಿ. ಸ್ವಲ್ಪ... ಧೂಳಾಗಿದೆ."

"ಅಂಗಡಿ ಹೇಗಿದೆ?"

"ಏನು ಹೇಳಲಿ, ಸಿಲಿಕಾನ್ ಡಬ್ಬಿ ಹಳೇದು ಕೊಟ್ಟು ಮೋಸ ಮಾಡಿದಾನೆ ಆ ಕಳ್ಳ."

"ಲೋಕದಲ್ಲಿ ಕಳ್ಳರು ಜಾಸ್ತಿಯಾದರು ಬಿಡು" ಅಂದು ವೈಂಡಿಂಗಣ್ಣ ಫೋನ್ ಇಟ್ಟ. ಅಂದು ಎರಡು ತುತ್ತು ಹೆಚ್ಚೇ ಉಂಡ. ನಕಲು ಏಳಲಿಲ್ಲ, ಅಂಟಾದ ನೌಕೆಯನ್ನು ಯಾರೂ ತೋರಿಸಲಾರರು, ಈ ವರ್ಷದ ಪ್ರದರ್ಶನದಲ್ಲಿ ತಮ್ಮನ ಮೇಜು ಖಾಲಿ ನಿಲ್ಲುತ್ತದೆ. ಆ ಖಾಲಿ ಮೇಜನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಜನ ಕಂಡರೆ ಆಗದವನು, ಇಸ್ತ್ರಿ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಬಸ್ಸು ಹತ್ತಿದ.

ಪ್ರದರ್ಶನ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ. ತಮ್ಮನ ಮೇಜು ಖಾಲಿಯಿರಲಿಲ್ಲ.

ಬೀಜದ ನೌಕೆಯೇ ಅಲ್ಲಿ ಕೂತಿತ್ತು. ನಕಲಲ್ಲ, ಅವನದೇ. ಥಿನ್ನರಿನಲ್ಲಿ ಒರೆಸಿ ಒರೆಸಿ ಒಡಲಿನ ಬಣ್ಣ ಮಂಕಾಗಿತ್ತು, ಸಂದಿಗಳಲ್ಲಿ ಅಂಟು ಮಿನುಗುತ್ತಿತ್ತು. ಮುಂದೆ ಅಚ್ಚುಕಟ್ಟಾದ ಚೀಟಿ, ಅದರ ಮೇಲೆ ತಮ್ಮನ ಹೆಸರು.

ವೈಂಡಿಂಗಣ್ಣ ಆ ಚೀಟಿಯನ್ನು ಎರಡು ಸಲ ಓದಿದ. ಹಾಳು ಮಾಡಿದ್ದು ತಾನು, ಮೆರೆಯುತ್ತಿರುವವನು ಅವನು. ಮುಂದೆ ನುಗ್ಗಲು ಹೊರಟವನ ತೋಳನ್ನು ಹೆಂಡತಿ ಹಿಡಿದಳು. "ತಾಳಿ. ಸೂಜಿಯಮ್ಮ ಬಂದರು."

ಸೂಜಿಯಮ್ಮ ಅಂದರೆ ತೀರ್ಪುಗಾರ್ತಿ. ಸಣ್ಣ ಸಣ್ಣ ಅಳತೆ ಯಂತ್ರ ಮಾಡುವ ಕಾರ್ಖಾನೆಯಲ್ಲಿ ತಲೆ ನೆರೆಯಿಸಿಕೊಂಡವರು. ಕೈಯಲ್ಲಿ ಸದಾ ಒಂದು ಹೆಣಿಗೆ ಕಡ್ಡಿ, ಅದಕ್ಕೇ ಎಲ್ಲರ ಬಾಯಲ್ಲೂ ಆ ಹೆಸರು. ಸ್ವಂತ ಕೈಯಿಂದ ಕಟ್ಟಿದ ಮಾದರಿಗಳಿಗೆ ಅಲ್ಲಿ ಒಂದೇ ಪದ್ಧತಿ: ಕಡ್ಡಿ ತೋರಿಸಿದ ಮೂರು ಭಾಗ ಮೊದಲು ಏನಾಗಿತ್ತು ಅಂತ ಮಾಡಿದವನು ಹೇಳಬೇಕು.

"ಇದೇನಪ್ಪ ಅಂಟು?" ಅಂದರು ಮೊದಲಿಗೆ.

"ಅದು... ನೌಕೆ ಹಳೇದು ಅನ್ನಿಸೋಕೆ, ಅಮ್ಮಾ. ಎಣ್ಣೆ ಸೋರಿದ ಹಾಗೆ."

"ಹೌದಾ? ಸರಿ. ಇದು ಏನಾಗಿತ್ತು?" ಕಡ್ಡಿ ಎಂಜಿನ್ನಿನ ಮೇಲೆ.

"ಸಿರಿಂಜು."

"ಇದು?"

"ಬಾಚಣಿಗೆ ಹಲ್ಲು." ತಮ್ಮನ ದನಿಗೆ ಧೈರ್ಯ ಬಂದಿತ್ತು. ಅಣ್ಣನ ಮೇಜನ್ನು ಮೊದಲಿನಿಂದ ನೋಡಿದವನಲ್ಲವೇ.

"ಈ ಕೊಳವೆ?"

"ವೈಂಡಿಂಗ್ ತಂತಿ, ಅಮ್ಮಾ. ತಾಮ್ರದ್ದು. ನಾನು ತಂತಿ ಬಿಟ್ಟು ಬೇರೆ ಮುಟ್ಟಲ್ಲ."

ಸೂಜಿಯಮ್ಮ ಕಡ್ಡಿಯ ತುದಿಯಿಂದ ಕೊಳವೆಯನ್ನು ಮೆಲ್ಲಗೆ ಒತ್ತಿದರು. ಅದು ತಗ್ಗಿತು. ಕಡ್ಡಿ ತೆಗೆದರು. ಅದು ಉಬ್ಬಿತು. ಮತ್ತೆ ಒತ್ತಿದರು.

"ತಾಮ್ರ ಯಾವಾಗಿಂದಪ್ಪ ಹೀಗೆ ಉಸಿರಾಡೋಕೆ ಶುರು ಮಾಡಿದ್ದು?"

ಸುತ್ತ ನಿಂತವರು ನಕ್ಕರು. ತಮ್ಮನೂ ನಗಲು ಹೋದ. ನಗು ಅರ್ಧ ದಾರಿಯಲ್ಲಿ ನಿಂತಿತು. ಕೊಳವೆ, ಅಂಟು, ಡಬ್ಬಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡದ್ದು ಅವನ ಮುಖದ ಮೇಲೇ ಕಾಣಿಸಿತು. ತಲೆಯೆತ್ತಿ ಗುಂಪಿನಲ್ಲಿ ಹುಡುಕಿದ. ಅಣ್ಣ ಕಂಡ.

"ಅಣ್ಣಾ..." ಅಂದ. ಆ ಕರೆಯಲ್ಲಿ ಒಂದು ಬೇಡಿಕೆ ಇತ್ತು. ಒಂದು ಮಾತು ಸಾಕಾಗಿತ್ತು. 'ಇಬ್ಬರೂ ಸೇರಿ ಮಾಡಿದ್ದು' ಅಂದುಬಿಟ್ಟಿದ್ದರೆ ತಮ್ಮನ ಮಾನ ಉಳಿಯುತ್ತಿತ್ತು.

ವೈಂಡಿಂಗಣ್ಣ ಮುಂದೆ ಬಂದ. "ಸೈಕಲ್ಲಿನ ವಾಲ್‌ಟ್ಯೂಬು, ಅಮ್ಮಾ. ನಲವತ್ತೊಂದಿದೆ. ತುದಿಯ ಬಳೆಗಳು ಪೆನ್ನಿನ ರೀಫಿಲ್ಲು. ಈ ಬಾಗಿಲು ಇವಳ ಪ್ರೆಸ್ ಬಟನ್ನು." ಹೆಂಡತಿಯ ಕಡೆ ಕೈ ತೋರಿಸಿದ. "ಆ ಅಂಟು ಎಣ್ಣೆಯಲ್ಲ. ಫೋಟೊ ತೆಗೆಯೋಕೆ ಅಂತ ಒಯ್ದವನು ಸಿಲಿಕಾನ್ ಸುರಿದು ಅಚ್ಚು ತೆಗೆಯೋಕೆ ಹೋದ. ರಬ್ಬರು ತಾಗಿ ಅದು ಹೆಪ್ಪುಗಟ್ಟಲಿಲ್ಲ. ನಂಬಿಕೆ ಇಲ್ಲ ಅಂದರೆ ಹೊಟ್ಟೆ ಬಿಚ್ಚಿ ನೋಡಿ. ಒಳಗೆ ಕಣಜಗಳಿವೆ. ಎಷ್ಟು, ಯಾವುದರದ್ದು ಅಂತ ಇವನನ್ನೂ ಕೇಳಿ."

ಸೂಜಿಯಮ್ಮ ತಮ್ಮನ ಕಡೆ ನೋಡಿದರು. ತಮ್ಮ ನೆಲ ನೋಡುತ್ತಿದ್ದ.

ಸೂಜಿಯಮ್ಮ ಚೀಟಿಯನ್ನು ಎತ್ತಿ ಹರಿದು ಹೆಗಲ ಚೀಲಕ್ಕೆ ಹಾಕಿಕೊಂಡರು. ವೈಂಡಿಂಗಣ್ಣನಿಗೆ ಹೇಳಿದರು: "ನಿಮ್ಮ ಹೆಸರು ಬರೆಯೋಕೆ ಈ ವರ್ಷ ಆಗಲ್ಲ. ಪಟ್ಟಿ ಮುಗಿದಿದೆ. ಅದೂ ಅಲ್ಲದೆ ಇದು ಹಾಳಾಗಿದೆ."

"ಗೊತ್ತು" ಅಂದ ಅವನು.

ಅವರು ಮುಂದಿನ ಮೇಜಿಗೆ ಹೋದ ಮೇಲೆ ಗುಂಪು ಕದಲಿತು. ತಮ್ಮ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಥಿನ್ನರ್ ಬಾಟಲಿ.

"ಬೇಕಂತಲೇ ಮಾಡಿದೆ ಅಲ್ವಾ? ಅಷ್ಟು ಜನರೆದುರಿಗೆ! ನಾಳೆ ನನ್ನ ಹತ್ತಿರ ಶೀಲ್ಡು ಮಾಡಿಸೋಕೆ ಯಾರು ಬರ್ತಾರೆ?"

"ಪೇಪರಿನಲ್ಲಿ ನನ್ನನ್ನ ಪಾಪ ಅಂದಾಗ ಎಷ್ಟು ಜನರೆದುರಿಗೆ ಅಂದೆ?"

ತಮ್ಮ ಥಿನ್ನರ್ ಬಾಟಲಿಯ ಮುಚ್ಚಳ ತಿರುವಿದ. ಆಮೇಲೆ ದನಿ ತಗ್ಗಿಸಿ, "ತಪ್ಪಾಯ್ತು ಅಂತಿಟ್ಕೋ. ಕೊಡು, ಇದನ್ನ ನಾನು ತೊಳೆದುಕೊಡ್ತೀನಿ. ತಿಂಗಳಾಗಲಿ, ಎರಡು ತಿಂಗಳಾಗಲಿ" ಅಂದ.

ವೈಂಡಿಂಗಣ್ಣ ನೌಕೆಯ ಮೇಲೆ ಕೈ ಅಡ್ಡವಿಟ್ಟ. ಅಂಟು ಬೆರಳಿಗೆ ಹತ್ತಿತು. "ಬೇಡ. ಇದರ ಮೇಲೆ ನಿನ್ನ ಕೈಯಿಂದ ಆದದ್ದು ಈ ಅಂಟು ಒಂದೇ. ಇದಾದರೂ ಇರಲಿ."

ತಮ್ಮ ಹತ್ತಿಯ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಅತ್ತಿಗೆಗೆ ಹೇಳಿ ಹೋಗಲಿಲ್ಲ. ಅವಳು ಅವನ ಬೆನ್ನು ಬಾಗಿಲು ದಾಟುವವರೆಗೂ ನೋಡಿ, "ಕರೀರಿ ಬೇಕಾದರೆ" ಅಂದಳು, ಮೆಲ್ಲಗೆ.

ಅವನು ಕರೆಯಲಿಲ್ಲ. ಸಂಜೆ ಬಾಗಿಲು ಹಾಕುವವರೆಗೂ ಆ ಹೆಸರಿಲ್ಲದ ಮೇಜಿನ ಹಿಂದೆ ನಿಂತೇ ಇದ್ದ. ಬಂದವರು ಬಗ್ಗಿ ನೋಡಿ, ಇದು ಯಾರದು ಅಂತ ಕೇಳಿದರು. ಕೇಳಿದವರಿಗೆಲ್ಲ ಅವನು ಒಂದೇ ಸಮನೆ, ದಣಿವಿಲ್ಲದೆ, ನನ್ನದು ಅಂದ.