ಗೌಸಸಾಬನ ಅಂಗಾಲು

ವಾರಕ್ಕೊಮ್ಮೆ ಅದಿರಿನ ಲಾರಿ ಇಳಿದು ಸಿರುಗುಪ್ಪದ ಮನೆಗೆ ಬಂದು ಗೌಸಸಾಬ್ ಕಾಲು ತೊಳೆದರೆ ಬಚ್ಚಲು ಕೆಂಪಗೆ ಹರಿಯುತ್ತಿತ್ತು. ೨೦೦೭ರ ಆ ದಿನಗಳಲ್ಲಿ ಬಳ್ಳಾರಿ ಕಡೆಯ ಡ್ರೈವರುಗಳ ಮೈಯೆಲ್ಲ ಅದೇ ಬಣ್ಣ. ಒಂದು ಶುಕ್ರವಾರ ಅವನ ಕಾಲಿನ ಮುಳ್ಳು ತೆಗೆಯಲು ಕೂತ ಹೆಂಡತಿ ಖಾತೂನ್ ಸೋಪು ಹಚ್ಚಿ ತಿಕ್ಕಿದಳು. ಕೆಂಪು ಹೋಯಿತು. ಎಡ ಅಂಗಾಲಿನ ಕಪ್ಪು ಕಲೆ ಹೋಗಲಿಲ್ಲ.

"ಮಚ್ಚಿ ಇರಬೇಕು, ಬಿಡು."

"ನಿಕಾ ಆದಾಗ ಇದ್ದಿದ್ದಿಲ್ಲ. ಈಗ ಹುಣಸಿ ಬೀಜದಷ್ಟು ಆಗೇತಿ. ನಡೀರಿ ದವಾಖಾನಿಗೆ."

ಊರಿನ ಸಣ್ಣ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಇರಲಿಲ್ಲ. ದೂರದೂರಿನ ಡಾಕ್ಟರಿಗೆ ಟೀವಿಯಲ್ಲೇ ರೋಗಿಯನ್ನು ತೋರಿಸಲು ಮಾಳಿಗೆಯ ಮೇಲೆ ಆಳೆತ್ತರದ ಡಿಶ್ ಮಾತ್ರ ಇತ್ತು. ನರ್ಸ್ ನಂದಿನಿ ಅವನ ಕಾಲನ್ನು ಸ್ಟೂಲಿನ ಮೇಲಿಡಿಸಿ, ಭೂತಗನ್ನಡಿ ಹಚ್ಚಿದ ಕ್ಯಾಮರಾ ಹಿಡಿದಳು. ಟೀವಿಯ ತುಂಬ ಅಂಗಾಲು ಮೂಡಿತು. ನಲವತ್ತಾರು ವರ್ಷ ತನ್ನನ್ನು ಹೊತ್ತು ತಿರುಗಿದ ಪಾದವನ್ನು ಗೌಸಸಾಬ್ ಹೀಗೆ ಕಂಡಿರಲೇ ಇಲ್ಲ. ಗೆರೆಗಳು ಉತ್ತ ಹೊಲದ ಸಾಲಿನಂತಿದ್ದವು. ಅವುಗಳ ಮೇಲೆ ಕಪ್ಪು, ಕಂದು, ಬೂದು ಅಡ್ಡಾದಿಡ್ಡಿ ಹರಡಿತ್ತು.

"ಸ್ವಲ್ಪ ಎಡಕ್ಕೆ ತಿರುಗಿಸಿ," ಎಂದಿತು ಟೀವಿಯೊಳಗಿಂದ ಬೆಂಗಳೂರಿನ ಡಾಕ್ಟರಮ್ಮನ ದನಿ. ಅದರ ಹಿಂದೆ ಧೋ ಎನ್ನುವ ಸದ್ದು.

"ಅಲ್ಲಿ ಮಳಿ ಬರಾಕತ್ತೈತೇನ್ರಿ ಮೇಡಂ?"

"ಹೌದು, ಜೋರು ಮಳೆ."

ಕಿಟಕಿಯಾಚೆ ಸಿರುಗುಪ್ಪದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮುನ್ನೂರು ಕಿಲೋಮೀಟರಾಚೆ ಮಳೆಯಲ್ಲಿ ಕೂತ ಹೆಣ್ಣುಮಗಳು ತನ್ನ ಕಾಲಿನ ಗೆರೆ ನೋಡುತ್ತಿದ್ದಾಳೆ! "ಯಾ ಅಲ್ಲಾ" ಎಂದ, ತನಗಷ್ಟೇ ಕೇಳುವಂತೆ.

ದನಿ ನಿಧಾನವಾಯಿತು. "ಇದು ಬರೀ ಮಚ್ಚೆ ಅನ್ನಿಸ್ತಿಲ್ಲ. ಕ್ಯಾನ್ಸರ್ ಇರಬಹುದು. ನಾಳೆಯೇ ಬಳ್ಳಾರಿಗೆ ಹೋಗಿ. ತುಣುಕು ತೆಗೆದು ಪರೀಕ್ಷೆ ಮಾಡಲಿ, ನಾನೂ ಅವರಿಗೆ ಹೇಳ್ತೀನಿ."

ಖಾತೂನ್ ಅವನ ತೋಳು ಹಿಡಿದಳು. ಅವಳ ತುಟಿಯ ಮೇಲಿನ ಮಚ್ಚೆ ಕಂಡು ಅವನು ಗಕ್ಕನೆ ಟೀವಿಯ ಕಡೆ ತಿರುಗಿದ. "ಮೇಡಂ, ಈಕಿದೂ ನೋಡ್ರಿ!"

ಕ್ಯಾಮರಾ ತಿರುಗಿತು. "ದುಂಡಗಿದೆ, ಬಣ್ಣ ಒಂದೇ ಥರ ಇದೆ. ಮೊದಲಿಂದ ಹೀಗೇನಾ?"

"ಸಣ್ಣಾಕಿ ಇದ್ದಾಗಿಂದ್ರಿ," ಎಂದಳು ಖಾತೂನ್.

"ಹಾಗಾದ್ರೆ ಭಯ ಬೇಡ."

ಬಳ್ಳಾರಿಯ ಪರೀಕ್ಷೆ ಕ್ಯಾನ್ಸರೇ ಎಂದಿತು. ಪುಣ್ಯಕ್ಕೆ ಆಳಕ್ಕೆ ಇಳಿದಿರಲಿಲ್ಲ. ಕಲೆಯನ್ನು ಸುತ್ತಲೂ ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಹಚ್ಚಿದರು. ನಾಲ್ಕು ತಿಂಗಳಿಗೆ ಗೌಸಸಾಬ್ ಮತ್ತೆ ಕ್ಲಚ್ ಒತ್ತಿದ.

ಆರು ತಿಂಗಳ ತಪಾಸಣೆಯ ದಿನ ಪರದೆಯಲ್ಲಿ ಮೊದಲ ಸಲ ಡಾಕ್ಟರಮ್ಮನ ಮುಖ ಬಂತು. ತಲೆ ನರೆತ ದೊಡ್ಡ ಹೆಂಗಸನ್ನು ಎಣಿಸಿಕೊಂಡಿದ್ದ ಗೌಸಸಾಬ್. ಅಲ್ಲಿದ್ದವಳು ಅವನ ಹಿರಿ ಮಗಳ ವಾರಿಗೆಯ ಹುಡುಗಿ. ಕಟ್ಟಿಟ್ಟುಕೊಂಡು ಬಂದ ಮಾತೆಲ್ಲ ಮರೆತುಹೋಗಿ ಅವನು ಎದ್ದುನಿಂತು ಸಲಾಂ ಮಾಡಿದ. ಆ ಹುಡುಗಿ ತಡಬಡಿಸಿ ತಾನೂ ಎದ್ದು ಕೈಮುಗಿದಳು.