ಕೆಮ್ಮಿಗೆ ಎದ್ದ ಕೈ

ಗೋಡೆಗೆ ಒರಗಿಸಿ ಕೂರಿಸಿದ್ದ ಗಿರಿಜಾಂಬನ ಬಲಗೈ ಮತ್ತೆ ತೊಡೆಯ ಮೇಲಿಂದ ಜಾರಿತು. ಗಂಡ ಗವಿಸಿದ್ದಯ್ಯ ಅದನ್ನೆತ್ತಿ ಮೊದಲಿನಂತೆ ಇಟ್ಟ. ಎಡಗೈಯಲ್ಲಿ ಅಯ್ಯನವರು ಲಿಂಗ ಇಟ್ಟು ಬಟ್ಟೆ ಸುತ್ತಿದ್ದರಿಂದ ಅದು ಅಲುಗದೆ ನಿಂತಿತ್ತು. ಹಟ ಮಾಡುತ್ತಿದ್ದುದು ಬಲಗೈ. ಬದುಕಿದ್ದಾಗ ಹೇಳಿದ ಮಾತು ಮೀರದ ಹೆಂಗಸು, ಈಗ ನೋಡಿ.

“ಬುಡಣ್ಣ, ಎಷ್ಟ್ ಸಲ ಅಂತ ಇಡ್ತೀಯ,” ಎಂದ ತಮ್ಮ ರೇಣುಕಾಪ್ರಸಾದ್. ಪೇಟೆಯ ರಸ್ತೆ, ಚರಂಡಿಗಳ ಗುತ್ತಿಗೆಯಲ್ಲೇ ತಲೆ ನರೆಸಿಕೊಂಡ ಮನುಷ್ಯ. ಸಾವಿನ ಮನೆಯಲ್ಲೂ ಕೆಲಸ ಹಂಚುವವನು ಅವನೇ. “ನಮ್ ಹಳ್ಳಿ ಕಲ್ಯದ ತೋಟದಲ್ಲಿ ಆಳುಗಳು ಗುಣಿ ತೋಡ್ತಾವ್ರೆ. ಅಪ್ಪ ಅವ್ವನ ಮಗ್ಗುಲಲ್ಲೇ. ಒಸಿ ಬೇಗ ಹೊಂಟ್ಬುಡಾನ, ಬಿಸ್ಲಾಯ್ತದೆ.”

“ಅಮ್ಮ ಕಲ್ಯ ಬ್ಯಾಡ ಅಂದಿದ್ಲು ಚಿಕ್ಕಪ್ಪ,” ಎಂದಳು ಮಗಳು ಮೇಘನಾ. “ಕೆರೆ ಹಿಂದಿನ ರುದ್ರಭೂಮೀಲೇ ಇಡ್ಬೇಕು ಅಂತ ನನ್ ಕೈಲಿ ಭಾಷೆ ತಗೊಂಡವ್ಳೆ.”

“ಹುಷಾರಿಲ್ದಾಗ ನೂರು ಹೇಳ್ತಾರೆ. ಸ್ವಂತ ತೋಟ ಇಟ್ಕಂಡು ಊರೋರ ಜಾಗಕ್ಕೆ ಹಾಕಿದ್ರೆ ಜನ ಉಗೀತಾರೆ. ಅಣ್ಣ, ನೀನ್ ಹೇಳ್ದಂಗೆ. ಬೇಗ ಹೇಳು.”

ಗವಿಸಿದ್ದಯ್ಯ ಮತ್ತೆ ಜಾರಿದ ಬಲಗೈಯನ್ನೆತ್ತಿ ಇಟ್ಟ. ಬೆಳಗ್ಗೆ ಮಗಳು ಈ ಮಾತನ್ನು ಕಿವಿಗೆ ಹಾಕಿದಾಗಿನಿಂದ ಅವನ ಕರುಳಲ್ಲಿ ಮುಳ್ಳು ಮುರಿದಂತಾಗಿತ್ತು. ಕಲ್ಯದಲ್ಲಿ ಅಪ್ಪ ಅವ್ವನ ಪಕ್ಕ ಅವನು ಜಾಗ ಬಿಡಿಸಿದ್ದ, ಅವಳಿಗೊಂದು, ತನಗೊಂದು. ಅವಳು ತನಗೊಂದು ಮಾತು ಹೇಳದೆ ಮಗಳಿಗೆ ಹೇಳಿ ಹೋಗಿದ್ದಳು. ಇಷ್ಟು ವರ್ಷ ಬಾಳಿದ ಮೇಲೆ ನನ್ನ ಮಗ್ಗುಲು ಬೇಡವಾಯಿತೇ ಇವಳಿಗೆ? ಉತ್ತರ ಹೇಳಬೇಕಾದವಳು ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು.

*

ವರ್ಷಗಳ ಹಿಂದೆ ಗಿರಿಜಾಂಬ ಪುರಸಭೆಯ ಸದಸ್ಯೆಯಾದದ್ದು ಮೀಸಲಾತಿಯ ದಯೆಯಿಂದ. ತಾನೇ ನಿಲ್ಲಬೇಕೆಂದು ಬಿಳಿ ಅಂಗಿ ಹೊಲಿಸಿಕೊಂಡು ಕೂತಿದ್ದ ಗವಿಸಿದ್ದಯ್ಯ, ವಾರ್ಡು ಹೆಂಗಸರ ಪಾಲಾದದ್ದೇ ತಡ, ಹೆಂಡತಿಯನ್ನು ನಿಲ್ಲಿಸಿದ. ಗೆದ್ದವಳು ಅವಳು, ಹಾರ ಬಿದ್ದದ್ದು ಇವನ ಕೊರಳಿಗೆ. ಆದರೆ ಸಭೆಯಲ್ಲಿ ಅವಳೇ ಕೂರಬೇಕಲ್ಲ, ಕಾನೂನು. ಅದಕ್ಕೂ ಒಂದು ಉಪಾಯ ಹೂಡಿದ. ಹಿಂದೆ, ನೋಡಲು ಬಂದವರ ಸಾಲಿನಲ್ಲಿ ತಾನು ಕೂರುವುದು. ತಾನು ಕೆಮ್ಮಿದರೆ ಅವಳು ಕೈ ಎತ್ತುವುದು, ಕೆಮ್ಮದಿದ್ದರೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನಿರುವುದು. ಎರಡು ವರ್ಷ ಈ ಏರ್ಪಾಟು ಎಣ್ಣೆ ಹಾಕಿದ ಗಾಣದಂತೆ ನಡೆಯಿತು.

ಆಮೇಲೆ ಆ ಸಭೆ ಬಂತು. ಉಳಿದ ಅನುದಾನ ಒಂದೇ ಕೆಲಸಕ್ಕೆ ಸಾಲುವಷ್ಟಿತ್ತು. ಒಂದೋ ಬಸ್ ನಿಲ್ದಾಣದ ದಾರಿಗೆ ಸ್ವಾಗತ ಕಮಾನು. ಇಲ್ಲವೇ ಕೆರೆ ಹಿಂದಿನ ರುದ್ರಭೂಮಿಗೂ ಅದಕ್ಕಂಟಿದ ಖಬರಸ್ತಾನಕ್ಕೂ ಸೇರಿ ಒಂದು ಕೊಳವೆಬಾವಿ, ನಡುವಿನ ಗೋಡೆಯ ಎರಡೂ ಕಡೆ ನಲ್ಲಿ. ಕಮಾನಿನ ಗುತ್ತಿಗೆ ರೇಣುಕಾಪ್ರಸಾದನಿಗೆ ಎಂಬುದು ಟೆಂಡರ್ ಕರೆಯುವ ಮೊದಲೇ ಊರಿಗೆಲ್ಲ ಗೊತ್ತಿತ್ತು.

ಅವತ್ತು ಗವಿಸಿದ್ದಯ್ಯನಿಗೆ ಕೆಟ್ಟ ನೆಗಡಿ. “ಕಷಾಯ ಕುಡ್ದು ಮಲೀಕಳಿ, ನಾನೊಬ್ಳೇ ಹೋಗ್ಬತ್ತೀನಿ,” ಎಂದಿದ್ದಳು ಅವಳು. ಕೇಳಬೇಕಲ್ಲ ಪುಣ್ಯಾತ್ಮ. ಅಧ್ಯಕ್ಷರು ಮೊದಲು ನೀರಿನ ವಿಷಯ ತೆಗೆದು, “ಒಪ್ಪೋರು ಕೈ ಎತ್ತಿ,” ಎಂದರು. ಆಗಲೇ ಬಂತು ನೋಡಿ, ಎದೆಯನ್ನೇ ಕಿತ್ತುಕೊಂಡು ಬರುವ ಕೆಮ್ಮು. ಟವೆಲ್ಲು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಗಿರಿಜಾಂಬನ ಬಲಗೈ ಕಿವಿಯ ಪಕ್ಕ ನೆಟ್ಟಗೆ ಎದ್ದಿತು. ಆ ಒಂದು ಕೈಯಿಂದ ನೀರಿಗೆ ಬಹುಮತ ಬಂತು, ಕಮಾನು ಮಣ್ಣುಗೂಡಿತು.

“ಅತ್ತಿಗೆ ಬೇಕಂತಲೇ ಮಾಡವ್ರೆ,” ಎಂದು ಸಂಜೆ ತಮ್ಮ ಮನೆಗೆ ಬಂದು ಹಾರಾಡಿದ.

“ಅವ್ಳದೇನೂ ಇಲ್ಲ ಕಣ್ಲಾ. ಎಲ್ಲಾ ನನ್ ಹಾಳು ಕೆಮ್ಮು,” ಎಂದು ಗವಿಸಿದ್ದಯ್ಯ ಅವನ ಕೈ ಹಿಡಿದುಕೊಂಡ. ಗಿರಿಜಾಂಬ ಅಡುಗೆಮನೆಯಲ್ಲಿ ಶುಂಠಿ ಜಜ್ಜುತ್ತಿದ್ದಳು. ಗವಿಸಿದ್ದಯ್ಯ ಕೆಮ್ಮಿದರೆ ಬೋರ್‌ವೆಲ್ ಬೀಳುತ್ತದೆ ಎಂದು ಹೋಟೆಲುಗಳಲ್ಲಿ ಜನ ಬಹಳ ದಿನ ನಗಾಡಿದರು. ಬರಬರುತ್ತ ಅವನೂ ಅವರ ಜೊತೆ ನಗುವುದನ್ನು ಕಲಿತ.

*

ಆ ಕಾಲದಲ್ಲಿ ಸಭೆಯಲ್ಲಿ ಗಿರಿಜಾಂಬನ ಪಕ್ಕದ ಕುರ್ಚಿಯ ಸದಸ್ಯೆಯಾಗಿದ್ದವಳು ಅಸ್ರಾ. ಈಗ ರಾಮನಗರದಲ್ಲಿ ಮಗಳ ಜೊತೆ ಇರುವವಳು, ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದಿದ್ದಳು. ಜಾರಿದ್ದ ಬಲಗೈಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮನಸಾರೆ ಅತ್ತಳು. ಅತ್ತು ಮುಗಿಸಿ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ ಗವಿಸಿದ್ದಯ್ಯನ ಬಳಿ ಬಂದಳು.

“ಅಕ್ಕನ್ನ ಎಲ್ಲಿ ಇಡ್ತೀರಾ ಅಣ್ಣ?”

“ತಮ್ಮ ಕಲ್ಯ ಅಂತಾನೆ. ಅವ್ಳು ಬ್ಯಾಡ ಅಂದ್ಲಂತೆ. ನಾನ್ ಏನ್ ಕಮ್ಮಿ ಮಾಡಿದ್ದೆ ಅಸ್ರಾ, ನನ್ ಮಗ್ಗುಲು ಬ್ಯಾಡ ಅನ್ನೋಕೆ?”

“ನಿಮ್ ಮೇಲಿನ್ ಕೋಪಕ್ಕಲ್ಲ ಅಣ್ಣ. ಕೆರೆ ಹಿಂದೆ ಇರೋ ಆ ನೀರು ಅಕ್ಕಂದು. ನಿಮ್ ಕೆಮ್ಮಿಂದಲ್ಲ.”

ಗವಿಸಿದ್ದಯ್ಯ ತಲೆ ಎತ್ತಿದ.

“ಅವತ್ತು ಮೆಟ್ಲು ಇಳೀತಾ ನಾನೇ ಕೇಳ್ದೆ. ಅಕ್ಕ, ಅಣ್ಣಂಗೆ ನಿಜವಾಗ್ಲೂ ಕೆಮ್ಮು ಬಂದಿತ್ತು, ನೀವು ಕೈ ಎತ್ಬುಟ್ರಿ ಅಂತ. ನಕ್ಬುಟ್ರು. ‘ರಾತ್ರಿಯೆಲ್ಲ ಅವ್ರ ಎದೆ ನೀವಿರೋಳು ನಾನು. ಕಳ್ಳಕೆಮ್ಮು ಯಾವ್ದು, ನಿಜದ್ ಯಾವ್ದು ಅಂತ ನಂಗೊತ್ತಿಲ್ವಾ’ ಅಂದ್ರು.”

ಅಸ್ರಾ ಸೆರಗಿನಿಂದ ಮೂಗೊರೆಸಿಕೊಂಡಳು. “ಅವ್ರ ವಾರ್ಡಿನ ಹೆಂಗಸೊಬ್ಳು ಮಗೂನ ಮಣ್ಣು ಮಾಡಿ ಬಂದು, ಕಾಲು ತೊಳಿಯೋಕೆ ನೀರು ಕೇಳಿದ್ಲಂತೆ. ಮಸಣದಿಂದ ಬಂದೋಳು ಅಂತ ಕೆರೆಬೀದೀಲಿ ಒಂದ್ ಬಾಗ್ಲೂ ತೆಗೀಲಿಲ್ಲ. ಕಾಲಲ್ಲಿ ಆ ಮಣ್ಣು ಇಟ್ಕಂಡೇ ಮನೆಗ್ ಹೋದ್ಲು. ಅದನ್ನ ಅಕ್ಕಂಗೆ ಮರೆಯೋಕಾಗ್ಲಿಲ್ಲ.”

“ನಂಗೆ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ತಮ್ಮನ್ ಮುಂದೆ ಯಾವ ಮಕ ಇಟ್ಕಂಡು ನಿಲ್ತಿದ್ರಿ? ‘ಕೆಮ್ಮಿನ್ ಮೇಲೆ ಹಾಕಿದ್ರೆ ನಾಕ್ ದಿನ ನಗ್ತಾರೆ, ನನ್ ಮೇಲೆ ಹಾಕಿದ್ರೆ ಅಣ್ಣ ತಮ್ಮನ ಮನೆ ಎರಡಾಯ್ತದೆ’ ಅಂದಿದ್ರು. ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ ಅಸ್ರಾ, ಕೊನೆಗ್ ನಾನೂ ಅಲ್ಲಿಗೇ ಬತ್ತೀನಿ ಅಂತಿದ್ರು.”

ಗವಿಸಿದ್ದಯ್ಯನಿಗೆ ಮೊದಲು ನಾಚಿಕೆಯಾಯಿತು. ಎಲಾ ಇವಳ, ಅನ್ನಿಸಿತು. ಒಳಗೆ ಹೋಗಿ ಅವಳನ್ನು ಬಾಯಿತುಂಬ ಬೈಯಬೇಕು, ಬೈದಾದ ಮೇಲೆ ಅವಳ ಕೈಯ ಒಂದು ಲೋಟ ಕಷಾಯ ಕುಡಿಯಬೇಕು ಅನ್ನಿಸಿತು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅಸ್ರಾ ಅವನನ್ನು ಅಳಲು ಬಿಟ್ಟು ಪಕ್ಕದಲ್ಲೇ ನಿಂತಿದ್ದಳು.

ಎದ್ದು ಒಳಗೆ ಬಂದು ತಮ್ಮನಿಗೆ ಹೇಳಿದ. “ಇಲ್ಲೇ ಕಣ್ಲಾ. ಕೆರೆ ಹಿಂದೆ.”

“ಯಾಕಣ್ಣ? ಅಲ್ಲಿ ಗುಣಿ ಆಗೈತಲ್ಲ.”

ನಿಜ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದದ್ದನ್ನು ಅವಳ ಮುಂದೆಯೇ ಒಡೆಯಲು ಅವನಿಗೆ ಮನಸ್ಸಾಗಲಿಲ್ಲ.

“ಅವತ್ತು ಕೆಮ್ಮಿ ನೀರು ತರ್ಸಿದೋನು ನಾನೇ ಅಲ್ವೇನ್ಲಾ. ನಾನ್ ತರ್ಸಿದ್ ನೀರಿನ್ ಹತ್ರ ನನ್ ಹೆಂಡ್ತಿ ಇರ್ಲಿ. ನಾಳೆ ನನ್ನೂ ಅಲ್ಲಿಗೇ ಹೊತ್ಕಂಡ್ ಹೋಗು.”

ರೇಣುಕಾಪ್ರಸಾದ್ ಅಣ್ಣನ ಕೆಂಪೇರಿದ ಕಣ್ಣುಗಳನ್ನು ನೋಡಿದ. ಮೇಘನಾಳನ್ನು ನೋಡಿದ. ಫೋನ್ ತೆಗೆದು ತೋಟದ ಆಳುಗಳಿಗೆ ಹೇಳಿದ: “ತೋಡಿದ್ ಗುಣಿ ಬರಿದೇ ಮುಚ್ಬಾರ್ದು. ಒಂದ್ ತೆಂಗಿನ್ ಸಸಿ ಇಟ್ಟು ಮುಚ್ಬುಡ್ರಲಾ.”

*

ರುದ್ರಭೂಮಿಯಲ್ಲಿ ಗಿರಿಜಾಂಬನನ್ನು ಗುಣಿಯೊಳಗೆ ಕೂರಿಸಿ, ಅಯ್ಯನವರು ಮಂತ್ರ ಹೇಳುತ್ತ ವಿಭೂತಿ ಸುರಿದರು. ಬಿಳಿ ದೂಳು ಎದ್ದು ಅಂಚಿನಲ್ಲಿ ನಿಂತಿದ್ದ ಗವಿಸಿದ್ದಯ್ಯನ ಮೂಗಿಗೆ ಹೊಕ್ಕಿತು. ಕೆಮ್ಮು ಬಂತು, ಎದೆಯಿಂದ ಬಂದದ್ದು. ಟವೆಲ್ಲು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಕೆಮ್ಮುತ್ತಲೇ ಅವನ ಕಣ್ಣು ಅವಳ ಬಲಗೈಯ ಕಡೆ ಹೋಯಿತು. ತೊಡೆಯ ಮೇಲೆ, ಬಿಲ್ವಪತ್ರೆಯ ಕೆಳಗೆ, ಅದು ಇಟ್ಟಲ್ಲೇ ಇತ್ತು.

“ಮಣ್ಣು ಎಳೀಬೌದಾ ಗವಿಸಿದ್ದಯ್ಯ?” ಅಯ್ಯನವರು ಕೇಳಿದರು.

ಮೇಘನಾ ಅಪ್ಪನ ತೋಳು ಹಿಡಿದುಕೊಂಡಳು. ಗುದ್ದಲಿ ಹಿಡಿದವರು ಕಾದು ನಿಂತರು. ಗೋಡೆಯಾಚೆ ಖಬರಸ್ತಾನದ ಕಡೆ ಯಾರೋ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಹೂಂ ಅನ್ನಲು ಬಾಯಿ ತೆರೆದರೆ ಮತ್ತೆ ಕೆಮ್ಮೇ ಬಂತು. ಗವಿಸಿದ್ದಯ್ಯ ಬಲಗೈ ಎತ್ತಿದ, ಕಿವಿಯ ಪಕ್ಕ, ನೆಟ್ಟಗೆ, ಅವಳು ಸಭೆಯಲ್ಲಿ ಎತ್ತುತ್ತಿದ್ದ ಹಾಗೆ. ಮಣ್ಣು ಬೀಳತೊಡಗಿದ ಮೇಲೂ ಅದನ್ನು ಇಳಿಸಲಿಲ್ಲ.